ಜಗುಲಿ ಹೋಯಿತು, ಷಟರ್ ಬಂತು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ನಾಲ್ಕು ಗಂಟೆ ಹೊತ್ತಿಗೆ, ಹೊಸಕೋಟೆಯ ಯಾವುದೇ ಹೊಸ ಬಡಾವಣೆಗೆ ಹೋಗಿ ಪಶ್ಚಿಮಕ್ಕೆ ಮುಖ ಮಾಡಿದ ಒಂದು ಷಟರ್ ಮುಟ್ಟಿ ನೋಡಿ. ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಮನೆಯ ನಕ್ಷೆಯಲ್ಲಿ ಅದರ ಹೆಸರು ಗ್ಯಾರೇಜು. ಆದರೆ ಎಷ್ಟೋ ಕಡೆ ಕಾರು ನಿಲ್ಲುವುದು ರಸ್ತೆಯಲ್ಲಿ. ಷಟರಿನ ಹಿಂದೆ ರಾಗಿ ಮೂಟೆ ಇರುತ್ತದೆ, ಹೊಲಿಗೆ ಯಂತ್ರ ಇರುತ್ತದೆ, ಕೆಲವು ಕಡೆ ಬಾಡಿಗೆಗಿರುವ ಒಂದು ಸಂಸಾರವೇ ಇರುತ್ತದೆ.

ಕಲ್ಲು, ಮಣ್ಣು, ಮರ, ಹೆಂಚುಗಳಿಂದ ಮನೆ ಕಟ್ಟುತ್ತಿದ್ದ ನಾಡಿನಲ್ಲಿ ಬಿಸಿಲಿಗೆ ಎದುರಾಗಿ ಒಂದು ತಗಡು ಬಂದು ನಿಂತದ್ದು ಹೇಗೆ? ಬಿಸಿ ತಡೆಯುವ ಗ್ಯಾರೇಜು ಬಾಗಿಲುಗಳ ಜಾಹೀರಾತು ಈಗ ಮೊಬೈಲಿನಲ್ಲೂ ಬರುತ್ತಿದೆ. ಅದನ್ನು ಕೊಳ್ಳುವ ಮೊದಲು ನಮ್ಮ ಬಾಗಿಲಿನ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕುವುದು ಒಳ್ಳೆಯದು. ಅದಕ್ಕಾಗಿ ಹೊಸಕೋಟೆಯಿಂದ ಹೊರಟು ಮಂಗಳೂರಿಗೆ ಹೋಗಿ ವಾಪಸ್ ಬರಬೇಕು.

ಬಾಗಿಲು ಬೀದಿಗೆ ಬಂದಿರಲಿಲ್ಲ

ಸುಗಟೂರಿನ ಪಾಳೇಗಾರ ತಮ್ಮೇಗೌಡ 1595ರ ಸುಮಾರಿಗೆ ಇಲ್ಲಿ ಹೊಸ ಕೋಟೆ ಕಟ್ಟಿಸಿದ್ದರಿಂದ ಊರಿಗೆ ಈ ಹೆಸರು ಬಂತು ಎನ್ನುತ್ತದೆ ಚರಿತ್ರೆ. ಆ ಕಾಲದ ಮನೆಗಳು ಈಗ ಉಳಿದಿಲ್ಲ. ಆದರೆ ಹೊಸಕೋಟೆ, ದೇವನಹಳ್ಳಿ, ಕೋಲಾರದ ಕಡೆಯ ಹಳ್ಳಿಗಳಲ್ಲಿ ಮೊನ್ನೆಮೊನ್ನೆಯವರೆಗೂ ಇದ್ದ ಮನೆಗಳನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ದಪ್ಪನೆಯ ಮಣ್ಣಿನ ಗೋಡೆ. ಮೇಲೆ ಕಲ್ಲು ಚಪ್ಪಡಿ ಅಥವಾ ನಾಡಹೆಂಚು. ಮುಂದೆ ಜಗುಲಿ. ಬಾಗಿಲು ಇರುತ್ತಿದ್ದುದು ಜಗುಲಿ ದಾಟಿದ ಮೇಲೆ, ಸೂರಿನ ನೆರಳಿನಲ್ಲಿ.

ಬಿಸಿಲು ಬಾಗಿಲಿಗೆ ತಾಗುವ ಮೊದಲು ಸೂರು ತಡೆಯುತ್ತಿತ್ತು. ತಾಗಿದರೂ ಅಲ್ಲಿದ್ದುದು ಮರ. ಮರದ ಮೂಲಕ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ಉಕ್ಕಿನಲ್ಲಿ ಹರಿಯುವ ವೇಗ ಅದಕ್ಕಿಂತ ಸುಮಾರು ಮುನ್ನೂರು ಪಟ್ಟು ಹೆಚ್ಚು. ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ತನ್ನಲ್ಲಿ ಇಟ್ಟುಕೊಂಡು ರಾತ್ರಿ ಬಿಡುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಬಯಲಿನಲ್ಲಿ ಬೇಸಿಗೆಯಲ್ಲೂ ರಾತ್ರಿ ತಂಪಾಗುವುದರಿಂದ ಆ ಲೆಕ್ಕ ಸರಿಹೋಗುತ್ತಿತ್ತು.

ಗಾಡಿಯ ಕೊಟ್ಟಿಗೆಗೆ ಬಹುತೇಕ ಕಡೆ ಬಾಗಿಲೇ ಇರಲಿಲ್ಲ. ನಾಲ್ಕು ಕಂಬ, ಮೇಲೊಂದು ಮಾಡು. ಎತ್ತಿಗೂ ಗಾಡಿಗೂ ಬೇಕಾದದ್ದು ನೆರಳು ಮತ್ತು ಗಾಳಿ. ಎರಡೂ ಅಲ್ಲಿ ಬಿಟ್ಟಿ ಸಿಗುತ್ತಿದ್ದವು.

ಜೆಪ್ಪುವಿನ ಹೆಂಚು

ಕರಾವಳಿಯಲ್ಲಿ ಸಮಸ್ಯೆಯೇ ಬೇರೆ. ಅಲ್ಲಿ ರಾತ್ರಿಯೂ ಸೆಕೆ, ಗಾಳಿಯಲ್ಲಿ ಸದಾ ನೀರು, ಸಮುದ್ರದ ಉಪ್ಪು, ಜೊತೆಗೆ ತಿಂಗಳುಗಟ್ಟಲೆ ಮಳೆ. ಮುರಕಲ್ಲಿನ ಗೋಡೆಯ ಮೇಲೆ ಮುಳಿಹುಲ್ಲಿನ ಮಾಡು ಹೊದಿಸುವುದು ಹಳೆಯ ಪದ್ಧತಿ. ಹುಲ್ಲು ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೆಂಕಿಗೆ ಹೆದರುತ್ತದೆ, ಮತ್ತೆ ಮತ್ತೆ ಹೊದಿಸುತ್ತಲೇ ಇರಬೇಕು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಅದರ ಹಿಂದೆ ಇದ್ದವರು ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ಘಟ್ಟದ ಸೌದೆ, ಹಡಗಿನ ಸಾಗಣೆ ಮೂರೂ ಕೂಡಿ ಬಂದವು. ಮಿಷನ್ನು ಕುದ್ರೋಳಿ ಮತ್ತು ಮಲ್ಪೆಯಲ್ಲೂ ಕಾರ್ಖಾನೆ ತೆರೆಯಿತು. ಊರಿನ ಉದ್ಯಮಿಗಳೂ ಮುಂದೆ ಬಂದರು. ಕೊನೆಗೆ ‘ಮಂಗಳೂರು ಹೆಂಚು’ ಎಂಬುದು ಊರಿನ ಗುರುತು ಮೀರಿ ಹೆಂಚಿನ ಜಾತಿಯ ಹೆಸರೇ ಆಯಿತು. ಮೊದಲನೇ ಮಹಾಯುದ್ಧ ಬಂದಾಗ ಜರ್ಮನ್ ನಂಟಿನ ಮಿಷನ್ನಿನ ಉದ್ಯಮಗಳು ಕೈ ಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಆದರೆ ಹೆಂಚು ನಿಲ್ಲಲಿಲ್ಲ.

ಈ ಹೆಂಚಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹೆಂಚು ತೆಳು, ತಾನೊಂದೇ ಅಷ್ಟೇನೂ ಬಿಸಿ ತಡೆಯುವುದಿಲ್ಲ. ಹೆಂಚಿನ ಮನೆ ತಂಪಾಗಿದ್ದುದು ಅದರ ಸುತ್ತಲಿನ ಏರ್ಪಾಟಿನಿಂದ. ಹೆಂಚಿನ ಸಂದುಗಳಿಂದ ಬಿಸಿಗಾಳಿ ಮೇಲಕ್ಕೆ ಹೋಗುತ್ತಿತ್ತು. ಒಳಗೆ ಮರದ ಮುಚ್ಚಿಗೆಯೋ ಎರಡನೇ ಪದರದ ಸೀಲಿಂಗ್ ಹೆಂಚೋ ಇದ್ದು, ನಡುವೆ ಗಾಳಿಯ ಪದರ ಉಳಿಯುತ್ತಿತ್ತು. ಮಾಡು ಗೋಡೆಗಿಂತ ಬಹಳ ಹೊರಗೆ ಚಾಚುತ್ತಿತ್ತು. ಮಳೆಗಾಲದಲ್ಲಿ ಚಾವಡಿಯ ಮುಂದೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಎರಚಲು ತಡೆಯುತ್ತಿತ್ತು, ಗಾಳಿ ಬಿಡುತ್ತಿತ್ತು. ನೆರಳು, ಗಾಳಿ, ಎರಡು ಪದರ: ಇವು ಮೂರೇ ಕರಾವಳಿಯ ಶಾಖನಿರೋಧಕ.

ಚಳಿ ದೇಶದ ಬಾಗಿಲು

ತಗಡಿನ ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಲಂಡನ್ನಿನಲ್ಲಿ ಅಲೆಅಲೆಯಾದ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದ. 1837ರಲ್ಲಿ ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತುಕ್ಕು ಹಿಡಿಯದ ಹಗುರ ತಗಡು ವಸಾಹತುಗಳಿಗೆಲ್ಲ ಹಡಗಿನಲ್ಲಿ ಹೋಯಿತು. ಪಟ್ಟಿ ಪಟ್ಟಿಯಾಗಿ ಸುತ್ತಿಕೊಳ್ಳುವ ಷಟರ್ ಕೂಡ ಅದೇ ಶತಮಾನದ ಯೂರೋಪಿನ ಅಂಗಡಿ ಸಾಲುಗಳ ಕೂಸು. ಕಳ್ಳರನ್ನು ತಡೆಯುವುದು ಅದರ ಕೆಲಸ. ಬಿಸಿಲನ್ನು ತಡೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಗ್ಯಾರೇಜು ಬಾಗಿಲಿನದು ಇನ್ನೊಂದು ದಾರಿ. ಅಮೆರಿಕದ ಸಿ.ಜಿ. ಜಾನ್ಸನ್ 1921ರಲ್ಲಿ ಮಡಚಿಕೊಂಡು ಮೇಲಕ್ಕೆ ಹೋಗುವ ಬಾಗಿಲು ತಂದರು. 1926ರಲ್ಲಿ ಅದಕ್ಕೆ ವಿದ್ಯುತ್ ಮೋಟಾರು ಬಂತು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಮತ್ತು ಸಂಗಡಿಗರು ಪಾಲಿಯುರಿಥೇನ್ ಕಂಡುಹಿಡಿದರು. 1950ರ ದಶಕದ ಆರಂಭದಲ್ಲಿ ಅದೇ ದೇಶದ ಬಿಎಎಸ್‌ಎಫ್ ಕಂಪನಿ ನಾವು ಥರ್ಮೊಕೋಲ್ ಎನ್ನುವ ನೊರೆ ಹಲಗೆಯನ್ನು ತಯಾರಿಸಿತು. ಎರಡು ತಗಡುಗಳ ನಡುವೆ ಈ ನೊರೆ ತುಂಬಿದರೆ ಬಿಸಿ ತಡೆಯುವ ಬಾಗಿಲು ಸಿದ್ಧ. ಗ್ಯಾರೇಜು ಮನೆಗೆ ಅಂಟಿಕೊಂಡಿರುವ ಹಿಮದ ಊರುಗಳಲ್ಲಿ ಒಳಗಿನ ಬಿಸಿ ಹೊರಗೆ ಹೋಗದಿರಲೆಂದು ಇಂಥ ಬಾಗಿಲು ಮನೆಮಾತಾಯಿತು. ನಮಗೆ ಬೇಕಾದದ್ದು ಅದರ ಉಲ್ಟಾ.

ನಮ್ಮಲ್ಲಿ ಮೋಟಾರು ಮೊದಲು ನಿಂತದ್ದು ಬಂಗಲೆಗಳ ಪೋರ್ಟಿಕೊದಲ್ಲಿ, ಇಲ್ಲವೇ ಹಿತ್ತಲಿನ ಹೆಂಚಿನ ಶೆಡ್ಡಿನಲ್ಲಿ. ಕರಾವಳಿಯ ಹಳೆ ಮನೆಗಳಲ್ಲಿ ಮರದ ಜೋಡಿ ಕದದ ಅಂಥ ಶೆಡ್ಡುಗಳು ಇನ್ನೂ ಕಾಣಸಿಗುತ್ತವೆ. ಹೊಸಕೋಟೆಯಲ್ಲಿ ಕಥೆ ಬೇರೆಯಾಯಿತು. ಹೆದ್ದಾರಿ ಅಗಲವಾಯಿತು, ಸುತ್ತ ಕಾರ್ಖಾನೆಗಳು ಬಂದವು, ಹೊಲಗಳು 30×40ರ ಸೈಟುಗಳಾದವು. ಅಷ್ಟು ಚಿಕ್ಕ ಜಾಗದಲ್ಲಿ ಜಗುಲಿಗೆ ಜಾಗ ಬಿಡುವವರು ಯಾರು? ಗೋಡೆ ಬೀದಿಯ ಅಂಚಿಗೆ ಬಂತು. ಬಾಗಿಲು ಗೋಡೆಯ ಜೊತೆ ಬಂತು. ಷಟರ್ ಅಗಲಕ್ಕೆ ತೆರೆಯುತ್ತದೆ, ಜಾಗ ತಿನ್ನುವುದಿಲ್ಲ, ನಾಳೆ ಅಂಗಡಿಗೆ ಬಾಡಿಗೆ ಕೊಡಬಹುದು. ಜನ ಅದನ್ನು ಆರಿಸಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಮುಂದಿನ ನೆರಳೂ ಮರದ ಹಲಗೆಯೂ ಒಂದೇ ಏಟಿಗೆ ಹೋದವು.

ತಗಡಿನ ಲೆಕ್ಕ

ಷಟರಿನ ತಗಡು ಸುಮಾರು 1 ಮಿಲಿಮೀಟರ್ ದಪ್ಪ. ಶಾಖದ ಮಟ್ಟಿಗೆ ಅದು ಇದ್ದೂ ಇಲ್ಲದಂತೆ. 10 ಅಡಿ ಅಗಲ, 8 ಅಡಿ ಎತ್ತರದ ಷಟರ್ ಬಿಸಿಲಿಗೆ ಕಾದು ಒಳಗಿನ ಗಾಳಿಗಿಂತ 20 ಡಿಗ್ರಿ ಹೆಚ್ಚು ಬಿಸಿಯಾಯಿತು ಎನ್ನಿ. ಆಗ ಅದು ಒಳಕ್ಕೆ ಚೆಲ್ಲುವ ಶಾಖ ಸಾವಿರ ವ್ಯಾಟಿಗೂ ಮೀರುತ್ತದೆ. ಒಂದು ವಿದ್ಯುತ್ ಇಸ್ತ್ರಿ ಪೆಟ್ಟಿಗೆಯನ್ನು ಸಂಜೆಯವರೆಗೆ ಕೋಣೆಯಲ್ಲಿ ಉರಿಸಿಟ್ಟ ಹಾಗೆ. ಅದೇ ಜಾಗದಲ್ಲಿ ಒಂದು ಇಂಚು ಥರ್ಮೊಕೋಲ್ ಇದ್ದರೆ ಒಳಬರುವ ಶಾಖ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಾದರೆ ಥರ್ಮೊಕೋಲ್ ಅಂಟಿಸಿದರೆ ಮುಗಿಯಿತಲ್ಲ ಎನ್ನಬೇಡಿ. ಷಟರ್ ಮೇಲೆ ಸುತ್ತಿಕೊಳ್ಳಬೇಕು. ಪಟ್ಟಿಗೆ ಏನಾದರೂ ಅಂಟಿಸಿದರೆ ಸುತ್ತಲು ಆಗುವುದಿಲ್ಲ. ಥರ್ಮೊಕೋಲ್‌ಗೆ ಬೆಂಕಿ ಬೇಗ ಹತ್ತುತ್ತದೆ. ಪೆಟ್ರೋಲ್ ಗಾಡಿ ನಿಲ್ಲಿಸುವ, ಒಲೆ ಹಚ್ಚುವ ಜಾಗದಲ್ಲಿ ಅದನ್ನು ಬರಿದಾಗಿ ಬಿಡಬಾರದು. ನೊರೆ ತುಂಬಿದ ಜೋಡಿ ಪಟ್ಟಿಯ ಷಟರ್ ಸಿಗುತ್ತದೆ, ಬೆಲೆ ಹೆಚ್ಚು. ಅದಿಲ್ಲದಿದ್ದರೆ ಷಟರಿನ ಒಳಗೆ ಒಂದಡಿ ಬಿಟ್ಟು ಎರಡನೆಯದಾಗಿ ಮರದ ಅಥವಾ ಪ್ಲೈವುಡ್ ಬಾಗಿಲು, ಕೊನೆಗೆ ದಪ್ಪ ಪರದೆಯಾದರೂ ಸರಿ. ನಡುವಿನ ಗಾಳಿಯ ಪದರ ಅರ್ಧ ಕೆಲಸ ಮಾಡುತ್ತದೆ. ಹೊರಗೆ ಬಿಳಿ ಬಣ್ಣ ಬಳಿದರೂ ತಗಡು ಕಾಯುವುದು ಬಹಳ ಕಡಿಮೆಯಾಗುತ್ತದೆ. ನಮ್ಮ ಷಟರುಗಳಿಗೆ ಬಳಿಯುವ ಕಡು ನೀಲಿ, ಕಂದು ಬಣ್ಣಗಳು ಬಿಸಿಲನ್ನು ಕುಡಿಯುತ್ತವೆ.

ಇನ್ನೊಂದು ಮಾತು. ಸಂಜೆಯ ಸೂರ್ಯ ಓರೆಯಾಗಿ ಬರುವುದರಿಂದ ಪಶ್ಚಿಮದ ಷಟರಿಗೆ ಮೇಲಿನ ಸಜ್ಜದಿಂದ ಹೆಚ್ಚು ಪ್ರಯೋಜನವಿಲ್ಲ. ಅಲ್ಲಿ ಎದುರಿಗೇ ಏನಾದರೂ ನಿಲ್ಲಬೇಕು, ಬಿದಿರಿನ ತಟ್ಟಿಯೋ ಒಂದು ಮರವೋ. ಹೊಂಗೆಯ ನೆರಳಿನ ತಂಪನ್ನು ನಮ್ಮ ಹಿರಿಯರು ಸುಮ್ಮನೆ ಹೊಗಳಲಿಲ್ಲ.

ಕರಾವಳಿಯ ಹಳೆ ಮನೆಗೆ ಬೇರೆ ಮದ್ದು

ಇದೇ ಮದ್ದನ್ನು ಮಂಗಳೂರಿನ ಹಳೆ ಮನೆಯ ಕಾರ್ ಶೆಡ್ಡಿಗೆ ಹಾಗೇ ಕೊಂಡೊಯ್ದರೆ ಕೆಡುತ್ತದೆ. ಅಲ್ಲಿ ತಗಡಿನ ಮೊದಲ ಶತ್ರು ಉಪ್ಪು ಗಾಳಿ. ಷಟರಿನ ತುಕ್ಕು ಸಾಮಾನ್ಯವಾಗಿ ನೆಲಕ್ಕೆ ತಾಗುವ ಕೆಳಪಟ್ಟಿಯಿಂದ ಶುರುವಾಗುತ್ತದೆ. ತಗಡಿಗೆ ಒತ್ತಿ ನೊರೆ ಹಲಗೆ ಕೂರಿಸಿದರೆ ನಡುವೆ ತೇವ ಸಿಕ್ಕಿಬಿದ್ದು ತುಕ್ಕು ಕಣ್ಣಿಗೆ ಕಾಣದೆ ಒಳಗೇ ಬೆಳೆಯುತ್ತದೆ. ಸಂದುಗಳನ್ನೆಲ್ಲ ರಬ್ಬರಿನಿಂದ ಮುಚ್ಚಿದರೆ ಮಳೆಗಾಲದಲ್ಲಿ ಗೋಡೆಗೆ ಬೂಸ್ಟು ಬರುತ್ತದೆ. ಮುರಕಲ್ಲಿನ ಗೋಡೆಗೆ ಉಸಿರಾಡಲು ಗಾಳಿ ಬೇಕು.

ಮರದ ಜೋಡಿ ಕದ ಇನ್ನೂ ಗಟ್ಟಿಯಾಗಿದ್ದರೆ ಅದನ್ನು ಕಿತ್ತು ತಗಡು ಹಾಕಿಸುವುದು ನಷ್ಟದ ವ್ಯಾಪಾರ. ಅದಕ್ಕೆ ಎಣ್ಣೆ ಕೊಡಿ, ಮೇಲೂ ಕೆಳಗೂ ಗಾಳಿ ಕಿಂಡಿ ಬಿಡಿ, ಮಾಡನ್ನು ಎರಡಡಿ ಮುಂದಕ್ಕೆ ಚಾಚಿ. ನೊರೆ ತುಂಬಿದ ಬಾಗಿಲಿಗೆ ಅಲ್ಲಿ ಅರ್ಥ ಬರುವುದು ಶೆಡ್ಡನ್ನು ವಾಸದ ಕೋಣೆ ಮಾಡಿ ಎಸಿ ಹಾಕಿದಾಗ ಮಾತ್ರ. ಆಗಲೂ ಉಕ್ಕಿಗಿಂತ ಅಲ್ಯೂಮಿನಿಯಂ ಲೇಸು.

ಹೊಸಕೋಟೆಯಲ್ಲಿ ಹಗಲು ಬಾಗಿಲು ಮುಚ್ಚಿ ಬಿಸಿ ತಡೆದು, ರಾತ್ರಿ ತೆರೆದು ತಂಪು ಬಿಟ್ಟುಕೊಳ್ಳಬೇಕು. ಕಳ್ಳರ ಭಯಕ್ಕೆ ರಾತ್ರಿ ಷಟರ್ ತೆರೆದಿಡುವಂತಿಲ್ಲ. ಅದಕ್ಕೆ ಮೇಲಿನ ಭಾಗವನ್ನಾದರೂ ಗ್ರಿಲ್ ಮಾಡಿಸಿದರೆ ಬಿಸಿಗಾಳಿ ಹೊರಗೆ ಹೋಗುತ್ತದೆ.

ಕಾನೂನು ಮುಟ್ಟದ ಸೈಟು

2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ವಾಸದ ಕಟ್ಟಡಗಳಿಗೆ ‘ಇಕೊ ನಿವಾಸ್ ಸಂಹಿತಾ’ ಎಂಬ ಇಂಧನ ಸಂಹಿತೆ ತಂದಿತು. ಸೂರಿನಿಂದ, ಗೋಡೆಯಿಂದ, ಕಿಟಕಿಯಿಂದ ಎಷ್ಟು ಶಾಖ ಒಳಗೆ ಬರಬಹುದು ಎಂಬುದಕ್ಕೆ ಅದರಲ್ಲಿ ಮಿತಿ ಇದೆ. ಸೂರಿಗೆ ಆ ಮಿತಿ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 1.2 ವ್ಯಾಟ್. ಬರಿಯ ತಗಡಿನ ಷಟರಿನದು ಅದರ ನಾಲ್ಕೈದು ಪಟ್ಟು. ಆದರೆ ಈ ಸಂಹಿತೆ ಹೇಳುವುದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳ ಬಗ್ಗೆ. ನಮ್ಮ 30×40 ಸೈಟು ಬರೀ 111 ಚದರ ಮೀಟರ್. ಹಳೆಯ ಮನೆಯಂತೂ ಲೆಕ್ಕಕ್ಕೇ ಇಲ್ಲ.

ಹೊಸಕೋಟೆಯ ಹೆದ್ದಾರಿ ಬದಿಯಲ್ಲಿ ಗೋದಾಮುಗಳು ಎದ್ದಿವೆ. ಕೆಡುವ ಸರಕು ಇಡುವ ಶೈತ್ಯಾಗಾರಗಳಿಗೆ ನೊರೆ ತುಂಬಿದ ಗೋಡೆ, ನೊರೆ ತುಂಬಿದ ಬಾಗಿಲು ಹಾಕುತ್ತಾರೆ. ಸರಕು ಕೆಟ್ಟರೆ ನಷ್ಟ ಎಂಬ ಲೆಕ್ಕ ಅಲ್ಲಿ ಸ್ಪಷ್ಟವಾಗಿದೆ. ಸಂಜೆ ನಾಲ್ಕರ ಬಿಸಿಲಿನಲ್ಲಿ ಅರ್ಧ ಇಳಿಸಿದ ಷಟರಿನ ಹಿಂದೆ ಮಷಿನ್ ತುಳಿಯುವ ಹೆಣ್ಣುಮಗಳ ಮೈ ಬಿಸಿಗೆ ಅಂಥ ಲೆಕ್ಕ ಬರೆಯುವವರಿಲ್ಲ.

ಹಳೆಯ ಮನೆಯಲ್ಲಿ ಬಿಸಿ ತಡೆಯುತ್ತಿದ್ದುದು ಬಾಗಿಲೊಂದೇ ಅಲ್ಲ, ಬಾಗಿಲಿನ ಮುಂದಿದ್ದ ನೆರಳು. ಮನೆ ನಕ್ಷೆ ಮಂಜೂರು ಮಾಡುವಾಗ ಷಟರಿನ ಮುಂದೆ ಮೂರಡಿ ನೆರಳು, ಮೇಲೊಂದು ಗಾಳಿ ಕಿಂಡಿ, ಬೀದಿಗೊಂದು ಸಾಲುಮರ ಕೇಳುವುದಕ್ಕೆ ದೆಹಲಿಯ ಸಂಹಿತೆಗಾಗಿ ಕಾಯಬೇಕಿಲ್ಲ. ನಗರಸಭೆಯೂ ಪಂಚಾಯಿತಿಯೂ ಮನಸ್ಸು ಮಾಡಿದರೆ ಸಾಕು.