ಆರೋಗ್ಯದ ಮಾತು ಕಲಿತ ಹಳ್ಳಿಯ ಮಕ್ಕಳು

ಆರೋಗ್ಯದ ತಿಳಿವಳಿಕೆಯನ್ನು ಜನರಿಗೆ ಮುಟ್ಟಿಸುವ ಕೆಲಸಕ್ಕೆಂದು 1956ರಲ್ಲಿ ಭಾರತ ಸರ್ಕಾರ ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೊ ಸ್ಥಾಪಿಸಿತು. ಹಳ್ಳಿಯವರಿಗೇ ಆ ಕೆಲಸ ಕಲಿಸುವ ದೊಡ್ಡ ಪ್ರಯತ್ನ ಶುರುವಾದದ್ದು 1977ರ ಅಕ್ಟೋಬರ್ 2ರಂದು. ಸಾವಿರ ಜನರಿಗೊಬ್ಬರಂತೆ ಊರೇ ಆರಿಸಿದ ಕಾರ್ಯಕರ್ತರಿಗೆ ಮೂರು ತಿಂಗಳ ತರಬೇತಿ. ಆಗ ತಿಂಗಳಿಗೆ 200 ರೂಪಾಯಿ, ಆಮೇಲೆ 50 ರೂಪಾಯಿ ಗೌರವಧನ. ಹೊತ್ತ ಹೊಣೆಗೆ ಅದು ತೀರಾ ಕಡಿಮೆ. ಹಳ್ಳಿಗಳಲ್ಲಿ ಇಂಥದೇ ಕೆಲಸಕ್ಕೆ 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದರು.

ಹದಿಹರೆಯದವರ ಸರದಿ ಬಂದದ್ದು 2014ರ ಜನವರಿಯಲ್ಲಿ, ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದೊಂದಿಗೆ. 15ರಿಂದ 19 ವರ್ಷದ ಹುಡುಗ ಹುಡುಗಿಯರು ತರಬೇತಿ ಪಡೆದು ಓರಗೆಯವರೊಡನೆ ಮುಟ್ಟು, ರಕ್ತಹೀನತೆ, ತಂಬಾಕು, ಮನಸ್ಸಿನ ದುಗುಡಗಳ ಬಗ್ಗೆ ಮಾತಾಡತೊಡಗಿದರು. ಹಿರಿಯರೆದುರು ಬಾಯಿಬಿಡಲಾಗದ ಸಂಗತಿಗಳಿಗೆ ಇದೇ ಸರಿಯಾದ ದಾರಿ. ಹೆಚ್ಚಿನ ನೆರವು ಬೇಕಾದವರನ್ನು ಹದಿಹರೆಯದವರ ಕ್ಲಿನಿಕ್‌ಗೆ ಕಳಿಸುವುದೂ ಅವರ ಕೆಲಸ. ಕರ್ನಾಟಕದಲ್ಲಿ ಅದಕ್ಕೆ ಸ್ನೇಹ ಕ್ಲಿನಿಕ್ ಎಂಬ ಹೆಸರಿದೆ.