ಉಸಿರಿಗೊಂದು ಕೊಳವೆ

'ಗಂಟಲಮಾರಿ' ಎಂಬ ಹೆಸರಿನಲ್ಲೇ ಹಿಂದಿನವರ ಭಯವೆಲ್ಲ ಅಡಗಿದೆ. ಡಾಕ್ಟರರು ಡಿಫ್ತೀರಿಯಾ ಎನ್ನುವುದು ಇದನ್ನೇ. ಸೋಂಕು ತಗುಲಿದ ಮಗುವಿನ ಗಂಟಲಲ್ಲಿ ಬೂದುಬಣ್ಣದ ಪೊರೆ ಬೆಳೆಯುತ್ತದೆ. ಅದು ಕೆಳಗಿಳಿದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಇದಕ್ಕೆ ಬಡವ ಬಲ್ಲಿದರೆಂಬ ಭೇದವಿರಲಿಲ್ಲ. ವಿಕ್ಟೋರಿಯಾ ರಾಣಿಯ ಮಗಳು ಆಲಿಸ್ 1878ರ ನವೆಂಬರಿನಲ್ಲಿ ತನ್ನ 4 ವರ್ಷದ ಮಗಳನ್ನು ಈ ರೋಗದಿಂದ ಕಳೆದುಕೊಂಡಳು. ಮಕ್ಕಳ ಶುಶ್ರೂಷೆ ಮಾಡಿದ ಆಕೆಯೂ ಡಿಸೆಂಬರಿನಲ್ಲಿ ಅದಕ್ಕೇ ಬಲಿಯಾದಳು.

ಆಗ ವೈದ್ಯರಿಗಿದ್ದ ಉಪಾಯವೆಂದರೆ ಕತ್ತನ್ನು ಕೊಯ್ದು ಉಸಿರ್ನಾಳಕ್ಕೆ ತೂತು ಮಾಡುವುದು. ಫ್ರಾನ್ಸಿನ ಬ್ರೆಟೊನೊ 1825ರಲ್ಲಿ ಹೀಗೆ ಒಬ್ಬ ಬಾಲಕಿಯನ್ನು ಉಳಿಸಿದ್ದರು. ಆದರೆ ಆ ಚಾಕುವಿನ ಕೆಳಗೆ ಬದುಕಿದ ಮಕ್ಕಳಿಗಿಂತ ಸತ್ತವರೇ ಹೆಚ್ಚು. 1858ರಲ್ಲಿ ಪ್ಯಾರಿಸ್ಸಿನ ಬುಷೂ ಎಂಬ ವೈದ್ಯರು ಬಾಯಿಯ ಮೂಲಕವೇ ಕೊಳವೆ ಇಳಿಸಬಹುದೆಂದಾಗ ಅಲ್ಲಿನ ವೈದ್ಯಕೀಯ ಅಕಾಡೆಮಿ ಒಪ್ಪಲಿಲ್ಲ.

ಅದು ಕೈಗೂಡಿದ್ದು ಅನಾಥ ಮಕ್ಕಳ ನಡುವೆ. ನ್ಯೂಯಾರ್ಕಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಫೌಂಡ್ಲಿಂಗ್ ಆಸ್ಪತ್ರೆಯ ಜೋಸೆಫ್ ಓಡ್ವಾಯರ್ ವರ್ಷಗಟ್ಟಲೆ ಕೊಳವೆಗಳನ್ನು ತಿದ್ದಿ ತೀಡಿ 1885ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ದಾದಿ ಮಡಿಲಲ್ಲಿ ಹಿಡಿದುಕೊಂಡರೆ, ವೈದ್ಯರು ಬೆರಳಿನಿಂದ ದಾರಿ ತಡವಿ ಪುಟ್ಟ ಲೋಹದ ಕೊಳವೆಯನ್ನು ಇಳಿಸುತ್ತಿದ್ದರು. ಕೊಳವೆ ರೋಗವನ್ನು ಗುಣಪಡಿಸುತ್ತಿರಲಿಲ್ಲ. ಪೊರೆ ಕಳಚುವವರೆಗೆ ನಾಲ್ಕು ದಿನದ ಉಸಿರನ್ನು ಕೊಡುತ್ತಿತ್ತು, ಅಷ್ಟೇ.

ನಂಜಿಗೆ ಮದ್ದು ಸಿಕ್ಕಿದ್ದು ಆಮೇಲೆ. ಬೆಹ್ರಿಂಗ್ ಮತ್ತು ಜಪಾನಿನ ಕಿಟಾಸಾಟೊ 1890ರಲ್ಲಿ ಪ್ರತಿವಿಷದ ಗುಟ್ಟನ್ನು ಲೋಕಕ್ಕೆ ತಿಳಿಸಿದರು. 1894ರಲ್ಲಿ ಪ್ಯಾರಿಸ್ಸಿನ ರೂ ಎಂಬುವರು ಕುದುರೆಯ ರಕ್ತದಿಂದ ತೆಗೆದ ಸೀರಮ್ಮನ್ನು ನೂರಾರು ಮಕ್ಕಳಿಗೆ ಕೊಟ್ಟಾಗ, ಅರ್ಧದಷ್ಟಿದ್ದ ಸಾವು ಕಾಲುಭಾಗಕ್ಕೆ ಇಳಿಯಿತು. 1923ರಲ್ಲಿ ರಾಮೋನ್ ರೋಗವೇ ಬಾರದಂತೆ ತಡೆಯುವ ಲಸಿಕೆಗೆ ದಾರಿ ಮಾಡಿದರು.

ನಮ್ಮ ದೇಶದಲ್ಲಿ 1978ರಿಂದ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಅದೂ ಸೇರಿದೆ. ಎಳೆಗೂಸಿಗೆ ಹಾಕಿಸುವುದನ್ನು ತಾಯಂದಿರು ಸಾಮಾನ್ಯವಾಗಿ ಮರೆಯುವುದಿಲ್ಲ. ಆದರೆ 5, 10, 16ನೆಯ ವಯಸ್ಸಿನ ಚುಚ್ಚುಮದ್ದು? ಶಾಲೆಗೆ ನರ್ಸಮ್ಮ ಬರುವ ದಿನ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ತಾಯಂದಿರನ್ನು ನಾನು ಕಂಡಿದ್ದೇನೆ. ಗಂಟಲಮಾರಿಯನ್ನು ಕಣ್ಣಾರೆ ಕಂಡವರು ಕಡಿಮೆಯಾದ್ದರಿಂದಲೇ ಈ ಅಸಡ್ಡೆ. ರೋಗವಂತೂ ನಮ್ಮ ನಾಡನ್ನು ಇನ್ನೂ ಬಿಟ್ಟುಹೋಗಿಲ್ಲ.

ಉಸಿರೆಳೆಯುವಾಗ ಮಗುವಿನ ಗಂಟಲಲ್ಲಿ ಕರ್ಕಶ ಸದ್ದು ಬಂದರೆ, ಬಾಯೊಳಗೆ ಬೆರಳು ಹಾಕದೆ, ಅಳಿಸದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂಥ ಗಳಿಗೆ ಬಾರದಿರಲಿ. ಬೀರುವಿನಲ್ಲಿ ಮಡಿಸಿಟ್ಟ ತಾಯಿ ಕಾರ್ಡನ್ನು ಇವತ್ತೇ ತೆಗೆದು, ಯಾವ ಚುಚ್ಚುಮದ್ದು ಬಾಕಿಯಿದೆಯೆಂದು ನೋಡಿಬಿಡಿ.