ಊರಿನ ಹೆಸರು ಬದಲಾದರೂ ದಾರಿ ತಪ್ಪದ ಜಾಲವಿಳಾಸ

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಕನ್ನಡದಲ್ಲಿ ಎಂದಿನಿಂದಲೂ ತುಮಕೂರೇ ಆಗಿದ್ದ ಊರು, ಇಂಗ್ಲಿಷ್ ಬರವಣಿಗೆಯಲ್ಲಿ ‘ತುಮ್ಕುರ್’ ಎಂಬ 6 ಅಕ್ಷರಗಳನ್ನು ಬಿಟ್ಟು ‘ತುಮಕುರು’ ಎಂಬ 8 ಅಕ್ಷರಗಳಿಗೆ ಬಂದಿತು. ನಾಮಫಲಕವನ್ನು ಒಂದೇ ದಿನದಲ್ಲಿ ತಿದ್ದಬಹುದು. ಜಾಲತಾಣದ ವಿಳಾಸದ ವಿಷಯ ಹಾಗಲ್ಲ. ಶಿರಾ ಗೇಟ್‌ನ ವ್ಯಾಪಾರಿಯೊಬ್ಬರು ತಮ್ಮ ತಾಣದ ಪುಟವಿಳಾಸಗಳಲ್ಲಿನ ಹಳೆಯ ಕಾಗುಣಿತವನ್ನು ಬದಲಿಸಿದರು ಎಂದುಕೊಳ್ಳೋಣ. ಬಿಲ್ ಪುಸ್ತಕದಲ್ಲಿ ಅಚ್ಚಾದ ವಿಳಾಸ, ಗ್ರಾಹಕರು ಉಳಿಸಿಕೊಂಡ ಕೊಂಡಿ, ಶೋಧಯಂತ್ರದ ಪಟ್ಟಿ ಎಲ್ಲವೂ ‘ಪುಟ ದೊರೆಯಲಿಲ್ಲ’ ಎಂಬ 404 ಸಂದೇಶಕ್ಕೆ ಬಂದು ನಿಲ್ಲುತ್ತವೆ.

ಇದಕ್ಕೆ ಪರಿಹಾರ ಮರುನಿರ್ದೇಶನ, ಅರ್ಥಾತ್ ರಿಡೈರೆಕ್ಟ್. ಮನೆ ಬದಲಿಸಿದವರ ಕಾಗದವನ್ನು ಅಂಚೆಯವರು ಹೊಸ ವಿಳಾಸಕ್ಕೆ ಕಳುಹಿಸುವಂತೆ, ಹಳೆಯ ವಿಳಾಸ ಕೇಳಿದ ಬ್ರೌಸರ್‌ಗೆ ಸರ್ವರ್ ಹೊಸ ವಿಳಾಸವನ್ನು ತಿಳಿಸುತ್ತದೆ.

ಸಂಕೇತಗಳು

301 ಎಂದರೆ ಶಾಶ್ವತ ಬದಲಾವಣೆ. 302 ಎಂದರೆ ತಾತ್ಕಾಲಿಕ. ಬ್ರೌಸರ್‌ಗಳು 301ನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ, ತಪ್ಪು ನಿಯಮವನ್ನು ಸರ್ವರ್‌ನಲ್ಲಿ ಸರಿಪಡಿಸಿದ ಮೇಲೂ ಕೆಲವರಿಗೆ ಹಳೆಯ ತಪ್ಪೇ ಕಾಣಬಹುದು. ಆದ್ದರಿಂದ ಮೊದಲು 302 ಬಳಸಿ ಪರೀಕ್ಷಿಸಿ, ಬಳಿಕ 301ಕ್ಕೆ ಬದಲಿಸುವುದು ಕ್ಷೇಮ. ಪುಟವನ್ನು ಶಾಶ್ವತವಾಗಿ ತೆಗೆದಿದ್ದು, ಅದಕ್ಕೆ ಬದಲಿ ಇಲ್ಲದಿದ್ದರೆ 410 ಸಂಕೇತವೇ ಸೂಕ್ತ.

ಸರ್ವರ್‌ನಲ್ಲಿ ಅಳವಡಿಕೆ

ಅಪಾಚೆ ಸರ್ವರ್‌ನಲ್ಲಿ ‘ರಿಡೈರೆಕ್ಟ್’ ಎಂಬ ಪದ, 301 ಎಂಬ ಸಂಖ್ಯೆ, ಹಳೆಯ ಹಾದಿ, ಹೊಸ ವಿಳಾಸ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು. ಹಳೆಯ ಹಾದಿಯ ಮುಂದಿನ ಭಾಗ ತಾನಾಗಿಯೇ ಹೊಸ ವಿಳಾಸಕ್ಕೆ ಸೇರುವುದರಿಂದ ಪ್ರತಿ ಪುಟಕ್ಕೂ ಒಂದೊಂದು ಸಾಲು ಬೇಕಾಗದು. ಈ ಸಾಲನ್ನು ಡಾಟ್ ಎಚ್‌ಟಿಆಕ್ಸೆಸ್ ಕಡತದಲ್ಲಿಯೂ ಇಡಬಹುದು. ಆದರೆ ಸರ್ವರ್ ಅದನ್ನು ಪ್ರತಿ ಕೋರಿಕೆಗೂ ಓದಬೇಕಾಗುವುದರಿಂದ, ಅನುಮತಿ ಇರುವವರು ಮುಖ್ಯ ಸಂರಚನಾ ಕಡತದಲ್ಲಿಯೇ ಬರೆಯುವುದು ಲೇಸು. ಎಂಜಿನ್‌ಎಕ್ಸ್‌ನಲ್ಲಿ ‘ರಿಟರ್ನ್ 301’ ಎಂಬ ಸಾಲು ಇದೇ ಕೆಲಸ ಮಾಡುತ್ತದೆ. ಸಂರಚನೆಯಲ್ಲಿ ದೋಷವಿಲ್ಲವೆಂದು ಪರೀಕ್ಷಾ ಆದೇಶದಿಂದ ಖಚಿತಪಡಿಸಿಕೊಂಡ ನಂತರವೇ ಸರ್ವರ್‌ಗೆ ಅದನ್ನು ಮತ್ತೆ ಓದಿಸಬೇಕು.

ಎಚ್ಚರಿಕೆಗಳು

ಹಳೆಯ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವುದು ಸಾಮಾನ್ಯ ತಪ್ಪು. ಓದುಗನಿಗೆ ಬೇಕಾದ ಪುಟ ಸಿಗುವುದಿಲ್ಲ. ಗೂಗಲ್ ಕೂಡ ಅಂಥದನ್ನು ಪುಟ ಇಲ್ಲದಂತೆಯೇ ಪರಿಗಣಿಸಬಹುದು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಎಂಬ ಸರಪಳಿ ಬೆಳೆಯದಂತೆ ನೋಡಿಕೊಳ್ಳಬೇಕು. ಎರಡು ನಿಯಮಗಳು ಒಂದನ್ನೊಂದು ತೋರಿಸಿದರೆ ಬ್ರೌಸರ್ ಸುತ್ತಿ ಸುತ್ತಿ ಕೊನೆಗೆ ದೋಷಸಂದೇಶ ನೀಡುತ್ತದೆ.

ಕನ್ನಡ ಲಿಪಿಯ ವಿಳಾಸ ಬಳಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ‘ತುಮಕೂರು’ ಪದದ 7 ಯೂನಿಕೋಡ್ ಘಟಕಗಳು ಶೇಕಡಾ ಚಿಹ್ನೆಯ ರೂಪಕ್ಕೆ ಬಂದಾಗ 63 ಅಕ್ಷರಗಳಾಗುತ್ತವೆ. ನಿಯಮವನ್ನು ಎರಡೂ ರೂಪಗಳಲ್ಲಿ ಪರೀಕ್ಷಿಸುವುದು ಅಗತ್ಯ.

ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸುವಂತೆ ಗೂಗಲ್ ಸಲಹೆ ನೀಡುತ್ತದೆ. ಡೊಮೇನ್ ಹೆಸರನ್ನೇ ಬದಲಿಸಿದವರು ಹಳೆಯ ಹೆಸರಿನ ನೋಂದಣಿಯನ್ನು ಅದಕ್ಕಿಂತ ಹೆಚ್ಚು ಕಾಲ ನವೀಕರಿಸುತ್ತಿರಬೇಕು. ನೋಂದಣಿ ತಪ್ಪಿದರೆ ಆ ಹೆಸರನ್ನು ಬೇರೆ ಯಾರಾದರೂ ಕೊಳ್ಳಬಹುದು. ಹಳೆಯ ಬಿಲ್ಲಿನ ವಿಳಾಸವನ್ನು ನಂಬಿ ಬಂದ ಗ್ರಾಹಕ ಅಪರಿಚಿತರ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ.